ಜೇಡ ಹಾಕಿದ ಗೆರೆಗಳು

ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಯ ಕಾಂಪೌಂಡಿನಲ್ಲಿ ಒಂದು ಕರಿಬೇವಿನ ಮರವಿದೆ. ಅದರ ಕೆಳಗಿನ ಕೊಂಬೆಗೂ ಗೇಟಿಗೂ ನಡುವೆ ಒಂದು ಜೇಡ ಬಲೆ ಕಟ್ಟಿಕೊಂಡಿತ್ತು. ಎಂಟು ಕಾಲುಗಳನ್ನು ಜೋಡಿ ಜೋಡಿಯಾಗಿ ಸೇರಿಸಿ, ಗುಣಾಕಾರದ ಗುರುತಿನ ಹಾಗೆ ಚಾಚಿಕೊಂಡು ನಟ್ಟನಡುವೆ ತಲೆಕೆಳಗಾಗಿ ಕೂತಿರುತ್ತಿತ್ತು. ಕಾಲಿನ ತುದಿಗಳಿಂದಾಚೆಗೆ ದಪ್ಪ ಬಿಳಿ ನೂಲಿನ ಅಂಕುಡೊಂಕು ಗೆರೆ. ಒಂದು ದಿನ ನಾಲ್ಕೂ ದಿಕ್ಕಿಗೆ, ಇನ್ನೊಂದು ದಿನ ಎರಡೇ, ಕೆಲವು ಸಲ ಒಂದೂ ಇಲ್ಲ. ಯಾಕೆ ಹಾಕುತ್ತದೆ ಎಂಬುದಕ್ಕೆ ಓದಿದವರಲ್ಲೇ ಜಗಳವಂತೆ. ಹುಳ ಸೆಳೆಯಲು ಎಂದು ಕೆಲವರು, ಹಕ್ಕಿ ಹೆದರಿಸಲು ಎಂದು ಕೆಲವರು. ನನಗೆ ಅದು ಬೇಕಾಗಿದ್ದು ಬೇರೆ ಕೆಲಸಕ್ಕೆ.

ನಮ್ಮ ಯಜಮಾನರಿಗೆ ಶುಗರ್ ಕಣ್ಣಿಗೆ ಇಳಿದಿತ್ತು. "ಹೋಗಿರೋ ದೃಷ್ಟಿ ವಾಪಸ್ ಬರಲ್ಲ ಅಮ್ಮ, ಇರೋದನ್ನ ಉಳಿಸ್ಕೊಳ್ಳೋಣ" ಎಂದು ಡಾಕ್ಟರು ಹೇಳಿದ ದಿನವೇ ಸ್ಕೂಟರ್ ಮಾರಿಬಿಡೋಣ ಎಂದೆ. ಇವರು ಸಿಟ್ಟಿಗೆ ಊಟ ಬಿಟ್ಟರು. ಶುಗರ್ ಇರುವವರು ಊಟ ಬಿಟ್ಟು ಕೂತರೆ ಎದುರಿನವರು ಸೋಲಲೇಬೇಕು. ಮಗಳು, ಅಳಿಯ ಬೆಳಿಗ್ಗೆಯೇ ಆಫೀಸಿಗೆ ಹೊರಟುಬಿಡುತ್ತಾರೆ. ಮೊಮ್ಮಗಳನ್ನು ರಾಜಾಜಿನಗರದ ಸ್ಕೂಲಿಗೆ ಬಿಡುವುದು ಇವರ ಕೆಲಸ, ರಿಟೈರ್ ಆದ ಮೇಲೆ ಉಳಿದಿದ್ದೂ ಅದೊಂದೇ. ಕೊನೆಗೆ ರಾಜಿಯಾಯಿತು. ದಿನಾ ಹೊರಡುವ ಮುಂಚೆ ಜೇಡ ಎಷ್ಟು ಗೆರೆ ಹಾಕಿದೆ ಎಂದು ನೋಡಿ ಹೇಳಬೇಕು. ತಪ್ಪಿದ ದಿನ ಕೀ ನನ್ನ ಕೈಗೆ.

ಮೊದಮೊದಲು ನಾನೂ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. "ಮೂರು ಕಣೇ. ಕೆಳಗಡೆ ಎಡಗಡೇದು ಹಾಕಿಲ್ಲ, ಸೋಮಾರಿ" ಎನ್ನುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ಆಮೇಲಾಮೇಲೆ ದೋಸೆ ಹೆಂಚು ಬಿಟ್ಟು ಬರಲಾಗದೆ ಅಡುಗೆಮನೆಯಿಂದಲೇ "ಎಷ್ಟು ರೀ?" ಎಂದು ಕೂಗುತ್ತಿದ್ದೆ. ಇವರು ಗೇಟಿನಿಂದಲೇ ಉತ್ತರ ಕೊಡುತ್ತಿದ್ದರು. ಸದ್ಯ ಕಣ್ಣು ಅಲ್ಲಿಗೇ ನಿಂತಿದೆಯಲ್ಲ, ದೇವರು ದೊಡ್ಡವನು ಎಂದುಕೊಂಡಿದ್ದೆ.

ಆ ದಿನ ರಂಗೋಲಿ ಹಾಕಲು ಹೊರಗೆ ಬಂದರೆ ಗೇಟಿನ ತುಂಬ ಕರಿಬೇವಿನ ಸೊಪ್ಪು ಬಿದ್ದಿತ್ತು. ತಮ್ಮ ಕಡೆ ಬಾಗಿದೆಯೆಂದು ಪಕ್ಕದ ಮನೆಯವರು ಕೊಂಬೆಯನ್ನೇ ಕಡಿಸಿದ್ದರು. ಬಲೆಯೂ ಇಲ್ಲ, ಜೇಡವೂ ಇಲ್ಲ. ಮನಸ್ಸಿನಲ್ಲೇ ಅವರಿಗೆ ಮಂಗಳಾರತಿ ಎತ್ತುತ್ತ ನಿಂತಿದ್ದಾಗ ಇವರು ಹೆಲ್ಮೆಟ್ ಹಾಕಿಕೊಂಡು ಬಂದರು. ಮೊಮ್ಮಗಳು ಆಗಲೇ ಸ್ಕೂಟರಿನ ಹಿಂದೆ ಹತ್ತಿ ಕೂತಿದ್ದಳು. ನಾನು ಕೇಳುವ ಮೊದಲೇ ಇವರು ಆ ಖಾಲಿ ಜಾಗದ ಕಡೆಗೆ ಮುಖ ಎತ್ತಿದರು.

"ನಾಲ್ಕು ಕಣೇ. ಇವತ್ತು ಜೋರಾಗಿದಾಳೆ."

ಇಷ್ಟು ದಿನ ಆ ಟ್ರಾಫಿಕ್ಕಿನಲ್ಲಿ ಈ ಮಗುವನ್ನು ಯಾವ ಧೈರ್ಯದ ಮೇಲೆ ಕಳಿಸಿದೆ? ಕೂಗಾಡಬೇಕು ಅನ್ನಿಸಿತು. ಹೋಗಿ ಮೊಮ್ಮಗಳನ್ನು ಎತ್ತಿ ಕೆಳಗಿಳಿಸಿದೆ. ಅವಳ ಶೂ ನೆಲಕ್ಕೆ ತಾಗಿದ ಸದ್ದು ಕೇಳಿ ಇವರು ಇತ್ತ ತಿರುಗಿದರು.

"ಮೂರಾ?" ಎಂದರು.

ನಾನು ಕೀಗಾಗಿ ಕೈ ಚಾಚಿದೆ.

"ಎರಡಿರ್ಬೇಕು ಅಲ್ವಾ? ಎರಡೇ. ಹೇಳೇ."