ಇಂಜಿನ್ನಿನ ಕೆಂಪು ಚುಕ್ಕೆ

ದ್ವಾರಕಾನಾಥನಿಗೆ ಸಂಬಳ ಬರುತ್ತಿದ್ದುದೇ ಅನುಮಾನ ಪಡುವುದಕ್ಕೆ. ಅಮೆರಿಕದ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಅದು ತೊಂಬತ್ತೊಂಬತ್ತನೆಯ ಇಸವಿ. ಹೊಸ ವರ್ಷ ಹುಟ್ಟುತ್ತಲೇ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪಿ ಕೈಕೊಡುತ್ತವೆಂದು ಲೋಕವೇ ಹೆದರಿ ಕೂತಿತ್ತು. ಎಲ್ಲ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ಹುಡುಕಾಟ ಶುರು ಮಾಡುವ ಇಂಥ ಮನುಷ್ಯನಿಗೆ ಆ ವರ್ಷ ಎಲ್ಲಿಲ್ಲದ ಬೆಲೆ.

ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡುತ್ತಿರಲಿಲ್ಲ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಮೈಸೂರಿನವನೇ ಒಬ್ಬ ಊಟಕ್ಕೆ ಕರೆದು, ಬಿಸಿಬೇಳೆಬಾತು ಬಡಿಸಿ, ಮೈಲಿ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದ ಹಳೇ ಕಾರೊಂದನ್ನು ಅವನ ತಲೆಗೆ ಕಟ್ಟಿದ್ದ. ಅಂದಿನಿಂದ ಯಾರಾದರೂ ತಾವಾಗಿ ಉಪಕಾರ ಮಾಡಲು ಬಂದರೆ ದ್ವಾರಕಾನಾಥನ ಹುಬ್ಬು ಮೇಲೇರುತ್ತಿತ್ತು. "ದೇವ್ರೇ ಬಂದು ವರ ಕೇಳು ಅಂದ್ರೂ ನೀವು ಮೊದ್ಲು ಐಡಿ ತೋರ್ಸು ಅಂತೀರ" ಎಂದು ಹೆಂಡತಿ ಜಲಜಾ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ವಾಲ್ನಟ್ ಕ್ರೀಕಿನಲ್ಲಿ ಮನೆಯ ಹಳೇ ಸಾಮಾನು ಮಾರುವ ಒಂದು ಗರಾಜ್ ಸೇಲಿನಲ್ಲಿ ಅವರಿಗೆ ಹಳೆಯ ಎಲೆಕ್ಟ್ರಿಕ್ ಆಟದ ರೈಲು ಸಿಕ್ಕಿತು. ಎರಕದ ಕಪ್ಪು ಉಗಿ ಇಂಜಿನ್ನು, ನಾಲ್ಕು ಡಬ್ಬಿ, ಮೂರು ಹಳಿಯ ತಗಡಿನ ದಾರಿ, ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರು. ಎಲ್ಲ ಐವತ್ತರ ದಶಕದ್ದು. ಮಾರುತ್ತಿದ್ದ ಮುದುಕಿ ಇಷ್ಟೊಂದು ಅಗ್ಗಕ್ಕೆ ಯಾಕೆ ಕೊಡುತ್ತಿದ್ದಾಳೆಂದು ದ್ವಾರಕಾನಾಥ ಡಬ್ಬಿಗಳನ್ನು ಒಂದೊಂದಾಗಿ ಮಗುಚಿ ನೋಡಿದ. ಜಲಜಾಳಿಗೆ ಅದನ್ನೆಲ್ಲ ನೋಡುವ ವ್ಯವಧಾನವಿರಲಿಲ್ಲ. ದಸರೆಗೆ ಬೊಂಬೆ ಕೂರಿಸುವಾಗ ಪಟ್ಟದ ಬೊಂಬೆಗಳ ಸುತ್ತ ಇದನ್ನು ಓಡಿಸಬೇಕೆಂದು ಅವಳು ಆಗಲೇ ತೀರ್ಮಾನಿಸಿದ್ದಳು.

ದುರಸ್ತಿ ಗರಾಜಿನಲ್ಲಿ ನಡೆಯಿತು. ತುಕ್ಕು ಹಿಡಿದ ಹಳಿಗಳನ್ನು ದ್ವಾರಕಾನಾಥ ಉಪ್ಪುಕಾಗದದಿಂದ ಉಜ್ಜಿದ. ಹಿತ್ತಾಳೆಯ ತುಂಡುಗಳಿಗೆ ಜಲಜಾ ಹುಣಸೆಹಣ್ಣು ಹಚ್ಚಿ ಬೆಳಗಿದಳು. ಡಬ್ಬಿಗಳ ಬಣ್ಣ ಹೊಂದಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ಆದರೆ ಇಂಜಿನ್ನು ಮಾತ್ರ ಅಲುಗಲಿಲ್ಲ. ಕರೆಂಟು ಕೊಟ್ಟರೆ ಸುಟ್ಟ ವಾಸನೆ ಬರುತ್ತಿತ್ತು, ಅಷ್ಟೇ.

"ಹನುಮಂತರಾಜುಗೆ ಕೊಡೋಣ ರೀ" ಎಂದಳು ಜಲಜಾ. ಹನುಮಂತರಾಜು ಹಾಸನದ ಕಡೆಯವನು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವಳು ಕೆಲಸ ಮಾಡುವ ಲ್ಯಾಬಿನಲ್ಲೇ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಹಳೇ ರೇಡಿಯೋ, ಗಡಿಯಾರ ರಿಪೇರಿ ಅವನ ಹವ್ಯಾಸ. ಅವನ ಹೆಂಡತಿ ಸತ್ಯವತಿ ಜಲಜಾಳ ಗೆಳತಿ.

ಹನುಮಂತರಾಜು ಬಂದು ಇಂಜಿನ್ನಿನ ಹೊಟ್ಟೆ ಬಿಚ್ಚಿ ನೋಡಿದ. "ಮೋಟರಿನ ವೈಂಡಿಂಗು ಸುಟ್ಟೋಗಿದೆ ಸಾರ್. ಮನೇಗ್ ತಗೊಂಡೋಗಿ ಹೊಸ ತಂತಿ ಸುತ್ತಿಕೊಡ್ತೀನಿ. ದುಡ್ಡುಗಿಡ್ಡು ಏನೂ ಬೇಡ, ನಂಗೂ ಇಂಥದ್ದು ಅಂದ್ರೆ ಆಸೆ."

ದುಡ್ಡು ಬೇಡವೆಂದ ಮಾತು ದ್ವಾರಕಾನಾಥನಿಗೆ ಹಿಡಿಸಲಿಲ್ಲ. ಹನುಮಂತರಾಜು ಒಳಗೆ ಕಾಫಿ ಕುಡಿಯುತ್ತಿದ್ದಾಗ ಅವನು ಜಲಜಾಳ ಉಗುರುಬಣ್ಣದ ಸೀಸೆ ತಂದು, ಮೋಟರಿನ ಚೌಕಟ್ಟಿನ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಇಟ್ಟ. ಆಮೇಲೆ ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿ ಕೊಟ್ಟು ಕಳಿಸಿದ.

ವಾರಗಳು ಕಳೆದವು. ಫೋನು ಮಾಡಿದರೆ "ಇನ್ನೊಂದ್ ಸ್ವಲ್ಪ ದಿನ ಸಾರ್" ಎಂಬುದೇ ಉತ್ತರ. ಅಷ್ಟರಲ್ಲಿ ಇಂಟರ್ನೆಟ್ಟಿನ ಹರಾಜಿನ ಪುಟವೊಂದರಲ್ಲಿ ಅಂಥದೇ ಇಂಜಿನ್ನಿನ ಮೋಟರು ದ್ವಾರಕಾನಾಥನ ಕಣ್ಣಿಗೆ ಬಿತ್ತು. ಮಾರುವವನ ಊರು ಸೌತ್ ಸ್ಯಾನ್ ಫ್ರಾನ್ಸಿಸ್ಕೋ, ಹನುಮಂತರಾಜುವಿನ ಲ್ಯಾಬಿರುವ ಊರೇ. ಫೋಟೋ ಮಸುಕು. ಆಫೀಸಿನ ದೊಡ್ಡ ಪರದೆಯ ಮೇಲೆ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಮೂಲೆಯಲ್ಲಿ ಏನೋ ಕೆಂಪಗೆ ಇದ್ದಂತೆ ಒಮ್ಮೆ ಕಾಣುತ್ತಿತ್ತು, ಇನ್ನೊಮ್ಮೆ ಕಾಣುತ್ತಿರಲಿಲ್ಲ. ಜಲಜಾಳಿಗೆ ಹೇಳಿದರೆ, "ಆ ಊರಲ್ಲಿ ಅವರೊಬ್ರೇ ಇರೋದಾ?" ಎಂದು ಗದರಿದಳು.

ದಸರೆಗೆ ಸ್ವಲ್ಪ ಮುಂಚೆ ಹನುಮಂತರಾಜು ಇಂಜಿನ್ನನ್ನು ತಂದು ಹಳಿಯ ಮೇಲಿಟ್ಟ. ಅದು ಚಕಚಕನೆ ಒಂದು ಸುತ್ತು ಬಂದಾಗ ಜಲಜಾ ಚಪ್ಪಾಳೆ ತಟ್ಟಿದಳು. ಅವನು ಹೋದದ್ದೇ ತಡ, ದ್ವಾರಕಾನಾಥ ತಿರುಪು ಬಿಚ್ಚಿದ. ಒಳಗಿನಿಂದ ಘಾಟು ವಾಸನೆ ಬಂತು. ಮೋಟರು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಚುಕ್ಕೆ ಇರಲಿಲ್ಲ.

ಅವನು ನೇರವಾಗಿ ಫೋನೆತ್ತಿದ. "ರಾಜು, ನಮ್ ಹಳೇ ಮೋಟರು ಎಲ್ಲಿ?"

"ಯಾವ ಹಳೇ ಮೋಟರು ಸಾರ್? ಅದೇ ಇದು."

"ನಮ್ಮದಕ್ಕೆ ಗುರುತಿತ್ತು. ಇದಕ್ಕಿಲ್ಲ."

ಆ ಕಡೆ ಫೋನಿಟ್ಟ ಸದ್ದು ಕೇಳಿತು. ತಪ್ಪು ಮಾಡದವನಾದರೆ ಕೂಗಾಡುತ್ತಿದ್ದ, ಇವನು ಬಾಯಿ ಬಿಡಲಿಲ್ಲ ಎಂದು ದ್ವಾರಕಾನಾಥ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಜಲಜಾ ಎರಡು ದಿನ ಅವನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಶನಿವಾರ. ಹಬ್ಬಕ್ಕೆ ಹೊಸ ಬಣ್ಣ ಹಚ್ಚಿಕೊಳ್ಳಲೆಂದು ಜಲಜಾ ಸೋಫಾದ ಮೇಲೆ ಕೂತು ಉಗುರಿನ ಹಳೇ ಬಣ್ಣವನ್ನು ಹತ್ತಿಯಿಂದ ಒರೆಸಿಕೊಳ್ಳುತ್ತಿದ್ದಳು. ಪೇಪರು ಓದುತ್ತಿದ್ದ ದ್ವಾರಕಾನಾಥ ತಲೆಯೆತ್ತಿದ. ಇಂಜಿನ್ನಿನಿಂದ ಬಂದಿದ್ದ ಅದೇ ಘಾಟು.

"ಏನದು ಸೀಸೇಲಿ?"

"ಅಸಿಟೋನ್. ಯಾಕೆ?"

"ಲ್ಯಾಬಲ್ಲಿ ಇದನ್ನ ಇಟ್ಕೊಂಡಿರ್ತಾರಾ?"

"ಇದಿಲ್ದೆ ಲ್ಯಾಬು ನಡೆಯತ್ತಾ? ಜಿಡ್ಡು ಗಿಡ್ಡು ಎಲ್ಲಾ ಇದ್ರಲ್ಲೇ ತೊಳಿಯೋದು."

ಅವನು ಆ ಸೀಸೆಯನ್ನೂ ಉಗುರುಬಣ್ಣವನ್ನೂ ಎತ್ತಿಕೊಂಡು ಗರಾಜಿಗೆ ಹೋದ. ತುಕ್ಕು ಹಿಡಿದ ಒಂದು ತಿರುಪಿನ ಮೇಲೆ ಕೆಂಪು ಚುಕ್ಕೆ ಇಟ್ಟು, ಒಣಗುವವರೆಗೆ ಕಾದು, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಚುಕ್ಕೆ ಹೋಯಿತು. ನಂಬಿಕೆ ಬರದೆ ಇನ್ನೊಂದರ ಮೇಲೆ ಇಟ್ಟು ಒರೆಸಿದ. ಅದೂ ಹೋಯಿತು. ರಾಜು ಮೋಟರಿನ ಜಿಡ್ಡು ತೊಳೆದಾಗ ಗುರುತೂ ಹೀಗೇ ಹೋಗಿರಬೇಕು. ಬೇರೆಯವರ ತಪ್ಪು ಹಿಡಿದಾಗ ಬರುವ ಉಮೇದು ಅವತ್ತು ಬರಲಿಲ್ಲ. ಕೈಯಲ್ಲಿ ಹತ್ತಿ ಹಿಡಿದುಕೊಂಡು ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದ.

ಮಧ್ಯಾಹ್ನವೇ ಕಾರು ತೆಗೆದುಕೊಂಡು ಹನುಮಂತರಾಜುವಿನ ಅಪಾರ್ಟ್‌ಮೆಂಟಿಗೆ ಹೋದ. ಬಾಗಿಲು ತೆರೆದ ಸತ್ಯವತಿ ಒಳಗೆ ಬನ್ನಿ ಎನ್ನಲಿಲ್ಲ, ಗಂಡನನ್ನು ಕೂಗಿದಳು. ಹೊಸ್ತಿಲಾಚೆ ನಿಂತೇ ದ್ವಾರಕಾನಾಥ ಎಲ್ಲವನ್ನೂ ಹೇಳಿದ: ಉಗುರುಬಣ್ಣ, ಹರಾಜಿನ ಪುಟ, ಅಸಿಟೋನು. "ನಂದು ತಪ್ಪಾಯ್ತು ರಾಜು. ಕ್ಷಮಿಸ್ಬೇಕು."

ಹನುಮಂತರಾಜು ಕೇಳಿಸಿಕೊಂಡು ಒಂದೇ ಮಾತು ಕೇಳಿದ. "ಆ ಚುಕ್ಕೆ ಯಾವಾಗ ಇಟ್ರಿ ಸಾರ್? ನಾನು ಕಾಫಿ ಕುಡೀತಿದ್ದಾಗ್ಲಾ?"

ದ್ವಾರಕಾನಾಥ ಹೌದೆಂದು ತಲೆ ಆಡಿಸಿದ.

"ಮೋಟರು ಬೇರೆ ಥರ ಕಾಣ್ತು, ಅನುಮಾನ ಬಂತು ಅಂದಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲ. ಕೊಡೋಕ್ ಮುಂಚೇನೇ ನನ್ನ ಕಳ್ಳ ಮಾಡಿಟ್ಟಿದ್ರಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಬನ್ನಿ ಸಾರ್" ಎಂದು ಬಾಗಿಲು ಹಾಕಿಕೊಂಡ.

ದಸರೆಯಲ್ಲಿ ಬೊಂಬೆ ನೋಡಲು ಸುತ್ತಲ ಊರುಗಳ ಕನ್ನಡಿಗರು ಸೇರಿ ಅರ್ಧ ಬೇ ಏರಿಯಾವೇ ಬಂದಿತ್ತು. ಮಕ್ಕಳೆಲ್ಲ ನೆಲಕ್ಕೆ ಗಲ್ಲ ಹಚ್ಚಿ ರೈಲು ನೋಡಿದವು. ಸತ್ಯವತಿ ಒಬ್ಬಳೇ ಬಂದು, ಕುಂಕುಮ ತೆಗೆದುಕೊಂಡು, ರೈಲಿನತ್ತ ತಿರುಗಿಯೂ ನೋಡದೆ ಹೋದಳು. ಯಾರು ರಿಪೇರಿ ಮಾಡಿದ್ದೆಂದು ಕೇಳಿದವರಿಗೆಲ್ಲ ದ್ವಾರಕಾನಾಥ ಹನುಮಂತರಾಜುವಿನ ಹೆಸರು ಹೇಳಿದ. ಹೇಳುವಾಗಲೆಲ್ಲ ಎದುರಿನವರಿಗೆ ನಡೆದದ್ದು ಗೊತ್ತಿರಬಹುದೇ ಎಂದು ಅವರ ಮುಖವನ್ನೇ ದಿಟ್ಟಿಸುತ್ತಿದ್ದ.

ಹೊಸ ವರ್ಷ ಬಂತು. ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ಫೆಬ್ರುವರಿಯಲ್ಲಿ ರೈಲಿನ ಟ್ರಾನ್ಸ್‌ಫಾರ್ಮರು ಗುಂಯ್‌ಗುಟ್ಟಿ ಬಿಸಿಯಾಗತೊಡಗಿತು. ಊರಲ್ಲಿ ರಿಪೇರಿ ಅಂಗಡಿಗಳು ಇಲ್ಲದೇ ಇರಲಿಲ್ಲ. ಆದರೂ ದ್ವಾರಕಾನಾಥ ಎದೆ ಗಟ್ಟಿ ಮಾಡಿಕೊಂಡು ಹನುಮಂತರಾಜುವಿಗೇ ಫೋನು ಮಾಡಿದ.

"ಬರ್ತೀನಿ" ಎಂದ ಅವನು. "ಆದ್ರೆ ಮನೇಗ್ ತಗೊಂಡೋಗಲ್ಲ. ನಿಮ್ಮನೇಲೇ ಮಾಡ್ತೀನಿ. ನೀವು ಪಕ್ಕದಲ್ಲೇ ಕೂತಿರ್ಬೇಕು."

ಭಾನುವಾರ ಊಟದ ಮೇಜಿನ ಮೇಲೆ ಪೇಪರು ಹಾಸಿ ಕೆಲಸ ನಡೆಯಿತು. ದ್ವಾರಕಾನಾಥ ಟಾರ್ಚು ಹಿಡಿದ. ಕೆಲಸ ಮುಗಿದ ಮೇಲೆ ಹನುಮಂತರಾಜು ಎದ್ದು ನಿಂತು, ಪ್ಯಾಂಟಿನ ಎರಡೂ ಜೇಬನ್ನು ಹೊರಗೆಳೆದು ತೋರಿಸಿದ. "ನೋಡ್ಕೊಳ್ಳಿ ಸಾರ್. ಏನೂ ಇಲ್ಲ." ಜಲಜಾ ಗೊಳ್ಳೆಂದು ನಕ್ಕಳು. ಅವನೂ ನಕ್ಕ.

ಆಮೇಲೆ ಅವನು ಮತ್ತೆ ಮತ್ತೆ ಬರುತ್ತಿದ್ದ, ಒಮ್ಮೆ ರೈಲಿನ ಸಿಗ್ನಲ್ ಕಂಬದ ರಿಪೇರಿಗೆ, ಒಮ್ಮೆ ಬರೀ ಕಾಫಿಗೆ. ಹೊರಡುವಾಗ ಪ್ರತಿ ಸಲವೂ ಜೇಬು ಹೊರಗೆಳೆಯುತ್ತಿದ್ದ. ಅದು ಬರೀ ತಮಾಷೆಯೋ, ಬೇರೇನಾದರೂ ಇದೆಯೋ ಎಂದು ದ್ವಾರಕಾನಾಥ ಅವನ ಕಣ್ಣು ನೋಡುತ್ತಿದ್ದ. ಗೊತ್ತಾಗುತ್ತಿರಲಿಲ್ಲ. ನಗಲು ಆಗದೆ, ಅವನ ಟೂಲ್ ಬಾಕ್ಸನ್ನು ತಾನೇ ಎತ್ತಿಕೊಂಡು ಕಾರಿನವರೆಗೆ ಹೋಗಿ ಇಟ್ಟು ಬರುತ್ತಿದ್ದ.