ಪೈಪಿನೊಳಗಿನ ಮರಳು

ಗಿರಾಕಿಗಳ ಎದುರಿಗೇ ಭಾವ ನನಗೆ "ಬಾಯಿ ಮುಂದು, ಬುದ್ಧಿ ಹಿಂದು" ಎಂದದ್ದು ಇವತ್ತಿಗೂ ಚುಚ್ಚುತ್ತದೆ. ಅಕ್ಕನ ಗಂಡ ಅವರು; ಕಡಲತೀರದಲ್ಲಿ ನಾನು ಓಡಿಸುತ್ತಿದ್ದ ಬಾಡಿಗೆ ಜೆಟ್ ಸ್ಕೀಗಳಿಗೆ, ಅಂದರೆ ನೀರಿನ ಮೇಲೋಡುವ ಸ್ಕೂಟರುಗಳಿಗೆ, ಇಪ್ಪತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಸೊಂಟದುದ್ದ ನೀರಿಗೆ ತಳ್ಳಿದ ಮೇಲೆ ಸ್ಟಾರ್ಟ್ ಮಾಡು, ಇಲ್ಲವಾದರೆ ಇಂಜಿನ್ ಮರಳು ಎಳೆಯುತ್ತದೆ ಎನ್ನುತ್ತಿದ್ದರು. ಗಿರಾಕಿಗಳ ಮುಂದೆ ಹಾಗೆ ಅಂದ ಸಿಟ್ಟಿಗೇ ನಾನು ಮೊಣಕಾಲುದ್ದ ನೀರಿನಲ್ಲಿ ಸ್ಟಾರ್ಟ್ ಮಾಡುತ್ತಿದ್ದೆ.

ಒಂದು ದಿನ ಇಂಜಿನ್ ಕಾದು ನಿಂತಿತು. "ಏನ್ ಭಾವ, ನಿನ್ನೆ ರಿಪೇರಿ, ಇವತ್ತು ಹೊಗೆ. ಚಿನ್ನದಂಥ ಕೈ ನಿಮ್ದು" ಎಂದು ಮಾಲೀಕನ ಮುಂದೆಯೇ ಹಂಗಿಸಿದೆ. ಅವರು ಇಂಜಿನ್ನಿಗೆ ತಣ್ಣೀರು ಹೋಗುವ ಪೈಪು ಬಿಚ್ಚಿ ಕೊಡವಿದರು. ಹಿಡಿ ಮರಳು ಉದುರಿತು.

"ಎಲ್ಲಿ ಸ್ಟಾರ್ಟ್ ಮಾಡ್ದೆ, ಹೇಳಪ್ಪ."

"ಆಳದಲ್ಲೇ."

ನನ್ನ ಮಾತು ನಂಬಿ, ರಿಪೇರಿಯಲ್ಲಿ ಭಾವ ಪೈಪು ತೊಳೆದೇ ಇಲ್ಲವೆಂದು ಮಾಲೀಕ ಅವರನ್ನು ಕೆಲಸದಿಂದ ತೆಗೆದ. ಭಾವ ಅಕ್ಕನಿಗೂ ನನ್ನ ಸುಳ್ಳಿನ ಗುಟ್ಟು ಬಿಟ್ಟುಕೊಡಲಿಲ್ಲ. ಈಗಲೂ ಮನೆಗೆ ಹೋದರೆ "ಬಾರಪ್ಪ, ಕೂತ್ಕೋ" ಎನ್ನುತ್ತಾರೆ. ತಪ್ಪು ನನ್ನದೆಂದು ನಾನು ಅವರಿಗೆ ಹೇಳಬೇಕಾದ ಒಂದು ಮಾತು ಇನ್ನೂ ಬಾಕಿಯೇ ಇದೆ.