ನಮ್ಮನೆಯ ಫಂಕ್ಷನ್ ಜನರೇಟರ್

ನಮ್ಮ ನಡುಮನೆಯ ಕಿಟಕಿ ಪಕ್ಕ ಒಂದು ಮೇಜಿದೆ. ಅದು ನನ್ನದು. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕಳೆದ ದೀಪಾವಳಿ ಹೊತ್ತಿಗೆ ಅದು ನನ್ನ ಕೈತಪ್ಪಿ ಆ ಜಾಗದಲ್ಲಿ ಎರಡು ಬಾಗಿಲಿನ ಫ್ರಿಜ್ಜೊಂದು ಬಂದು ನಿಲ್ಲುವುದರಲ್ಲಿತ್ತು.

ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸಂಜೆ ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಬೇರೆ ಹೆಂಗಸರು ಧಾರಾವಾಹಿ ಹಾಕಿಕೊಳ್ಳುತ್ತಾರೆ, ನಾನು ಸೋಲ್ಡರಿಂಗ್ ಐರನ್ ಬಿಸಿಗಿಡುತ್ತೇನೆ. ತಂತಿ, ಟ್ರಾನ್ಸಿಸ್ಟರ್, ಸುಟ್ಟ ಬೆರಳು, ಇದೇ ನನ್ನ ಹವ್ಯಾಸ. ಇದಕ್ಕೆ ಬೇಕಾದ ಸಾಮಾನು ಒಂದೂ ನಮ್ಮ ಕಡೆ ಸಿಗುವುದಿಲ್ಲ. ಕಡೂರಿನಲ್ಲಿ ಕೇಳಿದರೆ ಟಿವಿ ರಿಮೋಟ್ ತೆಗೆದು ತೋರಿಸುತ್ತಾರೆ. ತರೀಕೆರೆಯಲ್ಲಿ ಕೇಳಿದರೆ "ಯಾವ ಮಿಕ್ಸಿಗೆ ಮೇಡಂ?" ಅನ್ನುತ್ತಾರೆ. ಹಾಗಾಗಿ ಎಲ್ಲವೂ ಆನ್‌ಲೈನಿನಲ್ಲಿ ಬರಬೇಕು.

ನಮ್ಮ ಯಜಮಾನರು ಕಡೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ, ದಿನಾ ರೈಲಿನಲ್ಲಿ ಹೋಗಿಬರುತ್ತಾರೆ. ಒಳ್ಳೆಯವರೇ. ಆದರೆ ಬಾಯಿಗೆ ಬೀಗ ಇಲ್ಲ. ಪಾರ್ಸೆಲ್ ಬಂದಾಗಲೆಲ್ಲ ಅದರ ಮೇಲಿನ ಚೀಟಿಯನ್ನು ಅವರೇ ಗಟ್ಟಿಯಾಗಿ ಓದಬೇಕು. ತಂತಿ ಚುಚ್ಚಲು ತೂತುಗಳಿರುವ ಒಂದು ಪುಟ್ಟ ಹಲಗೆಗೆ ಬ್ರೆಡ್ ಬೋರ್ಡ್ ಅನ್ನುತ್ತಾರೆ, ಮೊದಲು ಬಂದದ್ದು ಅದು. ಅದಾದ ಮೇಲೆ ಬನಾನಾ ಪ್ಲಗ್ ಬಂತು. ಅದರ ಹಿಂದೆಯೇ ಕ್ರೊಕಡೈಲ್ ಕ್ಲಿಪ್ ಬಂತು. "ಬೇಕರಿ ಇಡ್ತೀಯೋ, ಇಲ್ಲ ಮೊಸಳೆ ಸಾಕ್ತೀಯೋ, ಒಂದು ತೀರ್ಮಾನ ಮಾಡ್ಕೊಂಬಿಡು" ಅಂದರು. ಬೆಸುಗೆ ಹಾಕುವಾಗ ಸಾಮಾನನ್ನು ಹಿಡಿದುಕೊಳ್ಳುವ ಸ್ಟ್ಯಾಂಡೊಂದು ತರಿಸಿದೆ, ಅದರ ಡಬ್ಬದ ಮೇಲೆ "ಥರ್ಡ್ ಹ್ಯಾಂಡ್" ಎಂದಿತ್ತು. "ಇರೋ ಎರಡು ಕೈಯಲ್ಲೇ ಮನೆ ಹೀಗಿಟ್ಟಿದೀಯ, ಮೂರನೇದು ಬೇರೆ ಬೇಕಾಯ್ತಾ?" ಅಂದರು. ಅವತ್ತು ನಾನು ಸಾರಿಗೆ ಉಪ್ಪು ಹಾಕಲಿಲ್ಲ.

ಆಗ ನಾನು ಒಂದು ರೇಡಿಯೋ ಕಟ್ಟುತ್ತಿದ್ದೆ. ಅಂಗಡಿಯದಲ್ಲ, ಒಂದೊಂದು ತುಂಡನ್ನೂ ನಾನೇ ಕೂಡಿಸಿದ್ದು. ಅದು ಬ್ಯಾಟರಿ ಮೇಲೆ ಗೊರಗೊರ ಅನ್ನುತ್ತಿತ್ತೇ ಹೊರತು ಮಾತಾಡುತ್ತಿರಲಿಲ್ಲ. ಒಂದು ಭಾನುವಾರ ಯಜಮಾನರು ಫ್ರಿಜ್ಜಿನ ಜಾಹೀರಾತು ನೋಡುತ್ತಾ ನೋಡುತ್ತಾ ಟೇಪು ಹಿಡಿದು ಬಂದು, ನನ್ನೆದುರೇ ನನ್ನ ಮೇಜನ್ನು ಅಳೆಯತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. "ದೀಪಾವಳಿ ಒಳಗೆ ಈ ರೇಡಿಯೋ ಮಾತಾಡದೇ ಇದ್ರೆ ಮೇಜು ನಾನೇ ಎತ್ತಿ ಹೊರಗೆ ಹಾಕ್ತೀನಿ, ನಿಮ್ಮ ಫ್ರಿಜ್ ತಂದು ನಿಲ್ಲಿಸ್ಕೊಳ್ಳಿ" ಅಂದುಬಿಟ್ಟೆ. ಅವರು ಟೇಪು ಸುತ್ತಿಕೊಂಡು "ಆಯ್ತು" ಅಂದರು. ಅಷ್ಟು ಬೇಗ ಒಪ್ಪಿಕೊಂಡಿದ್ದು ನೋಡಿ ನನಗೆ ಇನ್ನೂ ಉರಿಯಿತು.

ರೇಡಿಯೋ ಮಾತಾಡಬೇಕಾದರೆ ಅದರ ಒಳಗಿನ ಕಾಯಿಲ್‌ಗಳನ್ನು, ಅಂದರೆ ತಂತಿಯ ಸುರುಳಿಗಳನ್ನು, ಶ್ರುತಿ ಮಾಡಬೇಕು. ಶ್ರುತಿ ಮಾಡಲು, ಹೊರಗಿನಿಂದ ಖಚಿತವಾದ ಒಂದು ವಿದ್ಯುತ್ ಅಲೆಯನ್ನು ಅದಕ್ಕೆ ಊಡಿಸಬೇಕು. ಆ ಅಲೆ ಕೊಡುವ ಪೆಟ್ಟಿಗೆಯ ಹೆಸರು ಫಂಕ್ಷನ್ ಜನರೇಟರ್. ಗಣಿತದವರ ಭಾಷೆಯಲ್ಲಿ ಫಂಕ್ಷನ್ ಅಂದರೆ ಒಂದು ಲೆಕ್ಕದ ಗೆರೆ, ಪೆಟ್ಟಿಗೆ ಆ ಗೆರೆಯನ್ನೇ ಅಲೆಯಾಗಿ ಹೊರಡಿಸುತ್ತದೆ. ಇದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಹೊಸದು ನನ್ನ ಕೈಗೆಟುಕುವಂಥದ್ದಲ್ಲ. ಹಳೆಯ ಉಪಕರಣ ಮಾರುವವನೊಬ್ಬ ಆನ್‌ಲೈನಿನಲ್ಲಿ ಸಿಕ್ಕಿದ. ಮಂಚದ ಮೇಲೆ ಹೂವಿನ ಚಿತ್ರದ ಬೆಡ್‌ಶೀಟು ಹಾಸಿ, ಪೆಟ್ಟಿಗೆಯನ್ನು ದಿಂಬಿಗೆ ಒರಗಿಸಿ ಫೋಟೋ ಹಾಕಿದ್ದ. ಕೆಳಗೆ "ವರ್ಕಿಂಗ್ ಕಂಡೀಷನ್. ಟೆಸ್ಟ್ ಮಾಡಿಲ್ಲ" ಎಂದು ಬರೆದಿದ್ದ. ಟೆಸ್ಟ್ ಮಾಡದೆ ಹೇಗಪ್ಪಾ ಗೊತ್ತಾಯಿತು ಅಂತ ಕೇಳಿದೆ. "ನಂಬಿಕೆ ಮೇಡಂ" ಅಂದ. ತರಿಸಿದೆ. ಅಜ್ಜಂಪುರ ತಾಲ್ಲೂಕಾಗಿ ವರ್ಷಗಳೇ ಕಳೆದಿದ್ದರೂ ಆ ಆ್ಯಪಿನಲ್ಲಿ ನಾವು ಇನ್ನೂ ತರೀಕೆರೆ ತಾಲ್ಲೂಕಿನವರೇ, ಹಾಗಾಗಿ ಪಾರ್ಸೆಲ್ ತರೀಕೆರೆಗೆ ಹೋಗಿ ಕೂತಿತು.

ಶಾಲೆಯಲ್ಲಿ ಫೋನ್ ತೆಗೆಯಲಾಗುವುದಿಲ್ಲವೆಂದು ಯಜಮಾನರ ನಂಬರ್ ಕೊಟ್ಟಿದ್ದೆ. ಕೊರಿಯರಿನವನು ಪಾರ್ಸೆಲನ್ನು ಕಣ್ಣಾರೆ ನೋಡದೆ, ಹೆಸರು ಮಾತ್ರ ನೋಡಿ ಫೋನ್ ಮಾಡಿದ. ಯಜಮಾನರು ಆಗ ರೈಲಿನಲ್ಲಿದ್ದರು, ಬೋಗಿಗೆಲ್ಲ ಕೇಳುವ ಹಾಗೆ ಸ್ಪೀಕರ್ ಹಾಕಿದ್ದರು.

"ಸಾರ್, ನಿಮ್ಮ ಫಂಕ್ಷನ್ ಜನರೇಟರ್ ಬಂದಿದೆ. ನಮ್ಮ ಬೈಕಲ್ಲಿ ಆಗಲ್ಲ, ಗಾಡಿ ತಗೊಂಡು ಬನ್ನಿ."

ನಮ್ಮ ಕಡೆ ಫಂಕ್ಷನ್ ಅಂದರೆ ಮದುವೆ, ನಿಶ್ಚಿತಾರ್ಥ, ನಾಮಕರಣ. ಜನರೇಟರ್ ಅಂದರೆ ಡೀಸೆಲ್ ಕುಡಿದು ಡಬಡಬ ಅನ್ನುವುದು. ಎರಡೂ ಸೇರಿದರೆ ಏನೆಂದು ಬೋಗಿಯವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ರೈಲು ಶಿವನಿ ದಾಟುವ ಹೊತ್ತಿಗೆ, ಅಜ್ಜಂಪುರದ ಟೀಚರಮ್ಮ ಫಂಕ್ಷನ್ನುಗಳಿಗೆ ಜನರೇಟರ್ ಬಾಡಿಗೆ ಕೊಡುವ ಬಿಸಿನೆಸ್ ಶುರು ಮಾಡಿದ್ದಾರೆ ಎಂಬ ಸುದ್ದಿ ಅದರ ಜೊತೆಗೇ ಮುಂದಕ್ಕೆ ಹೋಗಿತ್ತು. ಯಜಮಾನರಿಗೂ ಹಾಗೇ ಅನ್ನಿಸಿತ್ತಂತೆ, ಕಡೆಗೂ ಹೆಂಡತಿ ಒಂದು ಉಪಯೋಗದ ಸಾಮಾನು ತರಿಸಿದಳು ಅಂತ ಖುಷಿಯೂ ಆಗಿತ್ತಂತೆ.

ಪಕ್ಕದ ಮನೆಯ ಸಾಬರದು ವೆಲ್ಡಿಂಗ್ ಶಾಪು. ಅವರ ಗೂಡ್ಸ್ ಆಟೋ, ಎರಡು ಹಗ್ಗ, ಗೋಣಿಚೀಲ ತೆಗೆದುಕೊಂಡು, ಭಾರ ಎತ್ತಲು ಶಾಪಿನ ಇಬ್ಬರು ಆಳುಗಳನ್ನು ಕರೆದುಕೊಂಡು ಯಜಮಾನರು ತರೀಕೆರೆಗೆ ಹೋದರು. ವಾಪಸು ಬರುವಾಗ ಪೆಟ್ಟಿಗೆ ಇವರ ತೊಡೆಯ ಮೇಲಿತ್ತು. ಆಳುಗಳು ಹಿಂದೆ ಹಗ್ಗದ ಸುರುಳಿಯ ಮೇಲೆ ಕೂತು ನಗುತ್ತಿದ್ದರು. ಮೈಸೂರು ಪಾಕಿನ ಡಬ್ಬಕ್ಕಿಂತ ಒಂದಿಷ್ಟು ದೊಡ್ಡದಿತ್ತು, ಅಷ್ಟೇ. ಇವರು ಅದನ್ನು ನನ್ನ ಕೈಗಿಟ್ಟು ನೆಟ್ಟಗೆ ಸ್ನಾನಕ್ಕೆ ಹೋದರು. ನನಗಂತೂ ಹೊಟ್ಟೆ ಹುಣ್ಣಾಗುವಷ್ಟು ನಗು.

ಸ್ವಿಚ್ ಹಾಕಿದೆ. ಕೆಂಪು ಅಂಕಿಗಳು ಬೆಳಗಿದವು. ಆದರೆ ಅಲೆಯನ್ನು ಹೊರಗೆ ತರುವ ಕೇಬಲ್ಲೇ ಇಲ್ಲ. ಮಾರಿದವನನ್ನು ಕೇಳಿದರೆ "ಫೋಟೋದಲ್ಲಿ ಕೇಬಲ್ ಇತ್ತಾ ಮೇಡಂ?" ಅಂದ. ಇರಲಿಲ್ಲ. ಬೆಡ್‌ಶೀಟೂ ಇತ್ತಲ್ಲಪ್ಪಾ, ಅದನ್ನೇಕೆ ಕಳಿಸಲಿಲ್ಲ ಅಂತ ಕೇಳಬೇಕೆನ್ನಿಸಿತು. ಕೇಬಲ್ಲನ್ನು ಬೇರೆ ಕಡೆಯಿಂದ ತರಿಸಲು ಹಾಕಿ ಕಾಯುತ್ತಾ ಕೂತೆ.

ಆಗ ಬಂದರು ಸಾಬರ ಹೆಂಡತಿ. ನಾನು ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತೇನೆ. ಅವರ ಮಗಳು ನನ್ನ ಕೈಯಲ್ಲೇ ಗಣಿತ ಕಲಿತವಳು, ಆ ವಾರ ಅವಳ ಮಂಗ್ನಿ, ಅಂದರೆ ನಿಶ್ಚಿತಾರ್ಥ. ಕಡೂರಿನಿಂದ ಗಂಡಿನವರು ಬರುವವರಿದ್ದರು, ಸಂಜೆಯಾದರೆ ಸಾಕು ಕರೆಂಟ್ ಹೋಗುವ ಕಾಲ.

"ಟೀಚ್ರೇ, ಒಂದೇ ಒಂದು ಸಂಜೆಗೆ ನಿಮ್ಮ ಫಂಕ್ಷನ್ ಜನರೇಟರ್ ಕೊಡ್ರೀ."

ನಾನು ಅವರನ್ನು ಕೂರಿಸಿ, ಹಾಳೆ ತೆಗೆದುಕೊಂಡು ಅಲೆಯ ಚಿತ್ರ ಬರೆದೆ. ಮನೆಗೆ ಬರುವ ಕರೆಂಟೂ ಒಂದು ಅಲೆ, ಈ ಪೆಟ್ಟಿಗೆಯಿಂದ ಬರುವುದೂ ಅಲೆಯೇ, ಆದರೆ ಬಲು ಪುಟ್ಟದು, ಇದರಿಂದ ಒಂದು ಬಲ್ಬೂ ಹತ್ತುವುದಿಲ್ಲ ಎಂದು ತರಗತಿಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದೆ. ಆಪಾ ಪೂರ್ತಿ ಕೇಳಿಸಿಕೊಂಡರು.

"ಕರೆಂಟೂ ಅಲೆ ಅಂದ್ರಿ. ಇದೂ ಅಲೆ ಮಾಡುತ್ತೆ ಅಂದ್ರಿ."

"ಹೂಂ ಆಪಾ, ಆದ್ರೆ..."

"ಮತ್ತೆ ಸರಿ ಆಯ್ತಲ್ಲಾ" ಅಂದವರೇ ಪೆಟ್ಟಿಗೆ ಎತ್ತಿಕೊಂಡು ಸೆರಗು ಮುಚ್ಚಿಕೊಂಡು ಹೊರಟೇಬಿಟ್ಟರು. ಹೇಗೂ ಕೇಬಲ್ ಇಲ್ಲ, ಹೋಗಲಿ ಅಂತ ಸುಮ್ಮನಾದೆ.

ಅವತ್ತು ಸಂಜೆ ಇಡೀ ಅಜ್ಜಂಪುರದಲ್ಲಿ ಕರೆಂಟ್ ಹೋಗಲಿಲ್ಲ. ಗಾಳಿ ಬೀಸಿತು, ಗುಡುಗಿತು, ಎಲ್ಲಿಯೋ ತೆಂಗಿನ ಗರಿಯೂ ಬಿತ್ತು, ಕರೆಂಟ್ ಮಾತ್ರ ಅಲ್ಲಾಡಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಪೆಟ್ಟಿಗೆ ಕೆಂಪಗೆ ಅಂಕಿ ಬೆಳಗಿಸಿಕೊಂಡು ಕೂತಿತ್ತಂತೆ. ಗಂಡಿನವರು ಅದೇನೆಂದು ಕೇಳಿದರಂತೆ, ಆಪಾ ಹೇಳಿದರಂತೆ.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಮಾರನೇ ದಿನದಿಂದ ಪೆಟ್ಟಿಗೆ ಮನೆಯಲ್ಲಿ ನಿಂತರೆ ಕೇಳಿ. ಶಿವನಿಯಲ್ಲಿ ನಾಮಕರಣ, ತರೀಕೆರೆಯಲ್ಲಿ ಗೃಹಪ್ರವೇಶ, ಅಂತರಘಟ್ಟೆಯವರೊಬ್ಬರ ಸೀಮಂತ. "ಅದು ಇದ್ರೆ ಸಾಕಂತೆ, ಕರೆಂಟ್ ಹೋಗಕ್ಕೆ ಹೆದರುತ್ತಂತೆ" ಎಂದು ಬಂದವರು ಹೇಳುವರು. ಎಲ್ಲಿಯೂ ಕರೆಂಟ್ ಹೋಗಲಿಲ್ಲ, ಅದೇ ಅನ್ಯಾಯ! ಒಂದು ಕಡೆಯಾದರೂ ಹೋಗಿದ್ದರೆ ನಾನು ಬದುಕುತ್ತಿದ್ದೆ. ನಾನು ಇಲ್ಲವೆಂದು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು "ಶುಭಕಾರ್ಯಕ್ಕೆ ಇಲ್ಲ ಅನ್ನೋಕಾಗುತ್ತೇನೇ?" ಎಂದು ತಾವೇ ಎತ್ತಿಕೊಡುವರು. ದೀಪಾವಳಿ ಹತ್ತಿರ ಬರುತ್ತಿದ್ದಾಗ ಅವರ ದಾನಬುದ್ಧಿ ಯಾಕೆ ಹೆಚ್ಚಿತೆಂದು ನನಗೆ ಗೊತ್ತಾಗದೇ ಇರಲಿಲ್ಲ. ಪೆಟ್ಟಿಗೆ ಮನೆಗೆ ಬರುವಾಗ ಅದರ ನೆತ್ತಿಗೆ ಕುಂಕುಮ, ಗುಂಡಿಗಳ ಸಂದಿಯಲ್ಲಿ ಅಕ್ಷತೆ. ಅದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದು ಮುಗಿಸುವುದರೊಳಗೆ ಮುಂದಿನ ಫಂಕ್ಷನ್ನಿನವರು ಬಾಗಿಲಲ್ಲಿ. ಕೇಬಲ್ ಬಂದು ಡ್ರಾಯರಿನಲ್ಲಿ ಒಂಟಿಯಾಗಿ ಮಲಗಿತ್ತು.

ದೀಪಾವಳಿಗೆ ಮುಂಚಿನ ವಾರ ಆಪಾನ ಮಗಳ ನಿಕಾಹ್, ಕಡೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಮಂಟಪದ ಡೀಸೆಲ್ ಜನರೇಟರ್ ಕೆಟ್ಟಿತ್ತು. ಟೀಚರ್ ಮನೆಯದು ಇರುವಾಗ ರಿಪೇರಿ ಯಾಕೆ ಅಂತ ಎಲ್ಲರೂ ನಿಶ್ಚಿಂತೆಯಾಗಿದ್ದರು. ನಾನು ಯೋಚಿಸಿದೆ. ಪೆಟ್ಟಿಗೆ ಮನೆಗೆ ಬರುವುದಿಲ್ಲವೆಂದರೆ ರೇಡಿಯೋನೇ ಪೆಟ್ಟಿಗೆಯ ಹತ್ತಿರ ಹೋಗಬೇಕು. ರೇಷ್ಮೆ ಸೀರೆ ಉಟ್ಟು, ಊಟದ ಬ್ಯಾಗಿನಲ್ಲಿ ರೇಡಿಯೋ, ಕೇಬಲ್, ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಹಾಕಿಕೊಂಡು ಹೊರಟೆ.

ಮಂಟಪದ ನಡುವೆ ಪರದೆ ಕಟ್ಟಿ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಪೆಟ್ಟಿಗೆ ನಮ್ಮ ಕಡೆ, ಮದುಮಗಳ ಕುರ್ಚಿಯ ಹಿಂದೆ, ಮಲ್ಲಿಗೆ ಹಾರ ಹಾಕಿಸಿಕೊಂಡು ಕೂತಿತ್ತು. ನಾನು ನೆಲದ ಮೇಲೆ ಕೂತು ಕೇಬಲ್ ಸಿಕ್ಕಿಸಿದೆ. "ಏನ್ ಟೀಚ್ರೇ, ಸರ್ವಿಸಾ?" ಅಂತ ಯಾರೋ ಕೇಳಿದರು, ಹೂಂ ಅಂದೆ. ಇಯರ್‌ಫೋನ್ ಕಿವಿಗಿಟ್ಟು ಒಂದೊಂದೇ ಕಾಯಿಲ್ ತಿರುಗಿಸುತ್ತಾ ಬಂದೆ. ಕೀಂ ಅನ್ನುವ ದನಿ ಸಣ್ಣಗೆ ಹುಟ್ಟಿ, ದಪ್ಪಗಾಗಿ, ಕಿವಿ ತುಂಬಿತು. ಶ್ರುತಿ ಕೂಡಿತ್ತು. ಕೇಬಲ್ ಕಿತ್ತು, ಇಯರ್‌ಫೋನ್ ತೆಗೆದು, ರೇಡಿಯೋದ ದನಿಯನ್ನು ಪೂರ್ತಿ ಏರಿಸಿ ಸ್ಟೇಷನ್ನಿನ ಕಡೆ ತಿರುಗಿಸಿದೆ.

ಗೊರಗೊರ.

ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ, ಮತ್ತೆ ಸ್ಟೇಷನ್ನಿಗೇ ತಂದು ನಿಲ್ಲಿಸಿದೆ. ಅದೇ ಗೊರಗೊರ, ಅದೂ ಮೈಕಿನ ಗದ್ದಲದಲ್ಲಿ ನನಗೇ ಸರಿಯಾಗಿ ಕೇಳದಷ್ಟು. ಅಲ್ಲಿಗೆ ಆಯಿತು ಅಂದುಕೊಂಡೆ. ಆ ಬಿರಿಯಾನಿ ಘಮದ ನಡುವೆ ಕೂತು ನನಗೆ ಅಳುವೇ ಬಂತು. ಇಷ್ಟು ವರ್ಷ ಗಣಿತ ಹೇಳಿದವಳ ಕೈಯಲ್ಲಿ ಒಂದು ಡಬ್ಬಿ ಮಾತಾಡಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಆಫ್ ಮಾಡುವ ಮನಸ್ಸೂ ಇಲ್ಲದೆ ಅದನ್ನು ಕುರ್ಚಿಯ ಕೆಳಗೆ ತಳ್ಳಿದೆ.

ಅಷ್ಟರಲ್ಲಿ ಮದುಮಗಳ ಒಪ್ಪಿಗೆ ಕೇಳಲು ಅವಳ ಸೋದರಮಾವ ಇಬ್ಬರು ಸಾಕ್ಷಿಗಳ ಜೊತೆ ಪರದೆ ದಾಟಿ ಬಂದರು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು. ಮಾವ ಮೈಕಿನಲ್ಲಿ ಗಂಡಿನ ಹೆಸರು ಹೇಳಿ "ಕಬೂಲ್ ಹೈ?" ಎಂದು ಕೇಳಿದರು.

ಆ ಗಳಿಗೆಗೆ ಕರೆಂಟ್ ಹೋಯಿತು.

ಮೈಕು ಸತ್ತಿತು, ಫ್ಯಾನುಗಳು ನಿಂತವು, ಹಾರ ಹಾಕಿಕೊಂಡ ಪೆಟ್ಟಿಗೆಯ ಅಂಕಿಗಳೂ ಆರಿದವು. ಮಧ್ಯಾಹ್ನದ ಬೆಳಕಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಎಲ್ಲರೂ ಮದುಮಗಳ ಉತ್ತರಕ್ಕೆ ಕಾಯುತ್ತಿದ್ದರು, ಅವಳು ನಾಚಿ ತಲೆ ತಗ್ಗಿಸಿ ಕೂತಿದ್ದಳು. ಆಗ ಅವಳ ಕುರ್ಚಿಯ ಕೆಳಗಿನಿಂದ ಒಬ್ಬ ಗಂಡಸು ಸ್ಪಷ್ಟವಾಗಿ ಹೇಳಿದ:

"ಹೂಂ ಸಾರ್, ಒಪ್ಕೊಂಡಿದೀವಿ. ಆದ್ರೆ ಗೊಬ್ಬರ ಸರಿಯಾಗಿ ಕೊಡ್ಬೇಕು."

ನನ್ನ ರೇಡಿಯೋ. ಕೃಷಿ ಕಾರ್ಯಕ್ರಮದಲ್ಲಿ ಯಾವನೋ ರೈತ, ಅಡಿಕೆ ಸಸಿ ಬಗ್ಗೆ. ಮದುಮಗಳೇ ಮೊದಲು ನಕ್ಕಳು. ನಗುವಿನ ಮಧ್ಯೆಯೇ ತನ್ನ ಬಾಯಲ್ಲೇ "ಕಬೂಲ್" ಅಂದಳು. ಆಪಾ "ಹಾಯ್ ಅಲ್ಲಾ!" ಎಂದು ಎದೆ ಹಿಡಿದುಕೊಂಡು ನಗುತ್ತಿದ್ದರು.

ನನಗೆ ಅದೊಂದೂ ಕೇಳುತ್ತಿರಲಿಲ್ಲ, ಗೊಬ್ಬರದ ಮಾತು ಮಾತ್ರ ಕೇಳುತ್ತಿತ್ತು. ಮಂಟಪದ ದೀಪ, ಫ್ಯಾನು, ಮೈಕು ಎಲ್ಲವೂ ಕೂಡಿ ಎಬ್ಬಿಸುತ್ತಿದ್ದ ಗೊರಗೊರ ಕರೆಂಟಿನ ಜೊತೆಯೇ ಹೋಗಿತ್ತು. ನನ್ನ ರೇಡಿಯೋ ಶ್ರುತಿ ಕೂಡಿದಾಗಲೇ ಸರಿಯಾಗಿತ್ತು, ಅದಕ್ಕೆ ಬೇಕಾಗಿದ್ದದ್ದು ಕರೆಂಟ್ ಹೋಗುವುದೊಂದೇ. ಇತ್ತ ನನ್ನದೇ ಪೆಟ್ಟಿಗೆ ನಾಲ್ಕು ಊರಿನಲ್ಲಿ ಕರೆಂಟ್ ಹೋಗದಂತೆ ಕಾಯುತ್ತಿತ್ತು. ರೇಡಿಯೋವನ್ನು ಎತ್ತಿ ಎದೆಗೆ ಅವಚಿಕೊಂಡೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಪರದೆಯ ಆಚೆಯಿಂದ ಕುರ್ಚಿ ಬಿದ್ದ ಸದ್ದಾಯಿತು.

"ಮಾತಾಡ್ತು! ಲೇ, ಮಾತಾಡ್ತು ಕಣೇ! ಕೇಳ್ರೀ ಎಲ್ಲಾರೂ, ಅದು ನಮ್ಮನೇವ್ರು ಕಟ್ಟಿದ್ದು! ಒಂದೊಂದು ತಂತೀನೂ ಅವಳೇ ಕಟ್ಟಿದ್ದು ಕಣ್ರೀ!"

ಯಜಮಾನರು. ನನ್ನ ಕೆಲಸದ ಬಗ್ಗೆ ನಾಲ್ಕು ಜನರ ಮುಂದೆ ಅವರು ಅಷ್ಟು ಹೆಮ್ಮೆಯಿಂದ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗಂಡಸರ ಕಡೆ ಯಾರೋ ಚಪ್ಪಾಳೆ ಹೊಡೆದರು. ರೈತ ಗೊಬ್ಬರ ಮುಗಿಸಿ ನೀರಿನ ವಿಷಯಕ್ಕೆ ಬಂದ, ಹೆಂಗಸರು ಸುತ್ತ ಕೂತು ಕೇಳತೊಡಗಿದರು.

ಅಷ್ಟು ಹೊತ್ತಿಗೆ ಕರೆಂಟ್ ಬಂತು. ಫ್ಯಾನು ತಿರುಗಿತು, ಪೆಟ್ಟಿಗೆ ಕೆಂಪಗೆ ಬೆಳಗಿತು, ರೈತ ಗೊರಗೊರದಲ್ಲಿ ಮುಳುಗಿಹೋದ. ಎಲ್ಲರೂ ಸದ್ಯ ಅಂತ ನಿಟ್ಟುಸಿರು ಬಿಟ್ಟರು. ಪರದೆಯ ಆಚೆಯಿಂದ ಯಜಮಾನರ ದನಿ ಮತ್ತೆ ಕೇಳಿತು, ಈ ಸಲ ಸಿಟ್ಟಿನಲ್ಲಿ:

"ಯಾರಾದ್ರೂ ಮೇನ್ ಆಫ್ ಮಾಡ್ರಪ್ಪಾ! ನಮ್ಮನೇವ್ರ ರೇಡಿಯೋ ಕೇಳ್ತಿಲ್ಲ!"